ಪುರಿಗೆ ಬಾರದ ಮೀನುಗಳು

ಇಷ್ಟು ವರ್ಷವಾದರೂ ನಾನು ಯಾರ ಮನೆಯ ಕೊಳಕ್ಕೂ ತಟ್ಟನೆ ಕೈ ಹಾಕುವುದಿಲ್ಲ. ಹೋಟೆಲುಗಳ ಮುಂದೆ ಕಾರಂಜಿ ಕಂಡರೆ ಒಂದು ಮಾರು ದೂರದಲ್ಲೇ ನಿಲ್ಲುತ್ತೇನೆ. "ನೀರಿಗೇನು ಹಲ್ಲಿದ್ಯಾ?" ಎಂದು ಹೆಂಡತಿ ನಗುತ್ತಾಳೆ. ಇದೆ. ಹಿರೀಸಾವೆಯಲ್ಲಿ ಒಂದು ಬೆಳಿಗ್ಗೆ ನಾನದನ್ನು ಕಂಡಿದ್ದೇನೆ. ಕಂಡುಹಿಡಿದವರು ನಮ್ಮ ಮೇಡಂ. ಆದರೆ ಆ ಹಲ್ಲು ಮೂಡಿದ್ದು ಅವರ ಕೈಯಿಂದಲೇ ಇರಬಹುದೇ ಎಂಬ ಅನುಮಾನ ಅವರಿಗಿತ್ತು, ನನಗೂ ಇತ್ತು. ಅವರು ಈಗ ಇಲ್ಲ. ಅನುಮಾನ ಮಾತ್ರ ನನ್ನ ಹತ್ತಿರ ಉಳಿದಿದೆ.

ಹಾಸನದ ಒಂದು ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಹೇಳುತ್ತಿದ್ದರು, ನಾನು ಅರ್ಥಶಾಸ್ತ್ರ. ಹೆಸರು ಹೇಳಿದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ, ಹೇಳುವುದಿಲ್ಲ. ಮೀನ್ ಮೇಡಂ ಎಂದರೆ ಆಗ ಹಾಸನದಲ್ಲಿ ಯಾರಾದರೂ ಮನೆ ತೋರಿಸುತ್ತಿದ್ದರು. ಅರ್ಚಕರ ಮನೆತನದ ಮಗಳು, ಅಂಥದೇ ಮನೆಯ ಸೊಸೆ. ಮೊಟ್ಟೆ ಹಾಕಿದ ಕೇಕನ್ನು ಸ್ಟಾಫ್ ರೂಮಿನಲ್ಲಿ ಹಂಚಿದರೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸುತ್ತಿದ್ದರು. ಅಂಥವರು ಕೋಯಿ ಎಂಬ ಮೊಳದುದ್ದದ ಬಣ್ಣದ ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಎಣ್ಣೆ ಹಚ್ಚಲು ಮಗುವನ್ನು ಮಲಗಿಸಿಕೊಂಡಂತೆ ಕಾಲ ಮೇಲೆ ಮಲಗಿಸಿಕೊಂಡು, ಅದರ ಮೈಗೆ ಕಚ್ಚಿಕೊಂಡ ದಾರದಂಥ ಹುಳುವನ್ನು ಚಿಮುಟದಿಂದ ಕೀಳುತ್ತಿದ್ದರು. ಕಿತ್ತ ಜಾಗಕ್ಕೆ ಹತ್ತಿಯಲ್ಲಿ ಔಷಧಿ ಒತ್ತಿ, "ಆಯ್ತು, ಆಯ್ತು, ಮುಗೀತು" ಎನ್ನುವರು. ಪರ್ಮಾಂಗನೇಟು ಔಷಧಿಯ ನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಗಳು ಯಾವಾಗಲೂ ಕಂದುಬಣ್ಣ.

"ಏನ್ ಮೇಡಂ, ಮೆಹಂದಿ?" ಎಂದು ಯಾರೋ ಒಮ್ಮೆ ಕೆಣಕಿದರು.

"ಮೀನಿನ ಮದುವೆ ಇತ್ತು ಕಣ್ರೀ. ನಿಮ್ಮನ್ನ ಕರೀಲಿಲ್ಲ, ಊಟಕ್ಕೆ ಬರೀ ಹುಳ ಇತ್ತು."

ನಾನು ಅವರ ಶಿಷ್ಯನಂತಾದದ್ದು ನನ್ನ ಮನೆಯ ತೊಟ್ಟಿಯಿಂದ. ಹೊಳೆನರಸೀಪುರದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಸಿಮೆಂಟಿನ ತೊಟ್ಟಿಯಿತ್ತು. ಮಗಳ ಹಟಕ್ಕೆ ನಾಲ್ಕಾರು ಮರಿ ಕೋಯಿಗಳನ್ನು ತಂದು ಬಿಟ್ಟಿದ್ದೆ. ಒಂದು ಭಾನುವಾರ ಅವೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಸೋಮವಾರ ಮೇಡಂ ಹತ್ತಿರ ಹೋಗಿ ಹೇಳಿದೆ.

"ನೀರು ಬದಲಾಯಿಸಿದ್ರಾ?"

"ಪೂರ್ತಿ ಬದಲಾಯಿಸ್ದೆ ಮೇಡಂ. ತೊಟ್ಟಿ ಉಜ್ಜಿ, ಪಾಚಿ ತೆಗೆದು, ನಲ್ಲಿ ನೀರು ತುಂಬಿ ಚೊಕ್ಕಟ ಮಾಡ್ದೆ."

"ಚೊಕ್ಕಟ ಮಾಡಿ ಸಾಯಿಸ್ತಿದೀರ. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರ್ತಾರೆ ಅಲ್ವೇನ್ರೀ? ನಿಮ್ಮ ಮೂಗಿಗೆ ಬಟ್ಟೆ ಸೋಪಿನ ಪುಡಿ ಕಟ್ಟಿ ಉಸಿರಾಡಿ ಅಂದ್ರೆ ಹೆಂಗಿರತ್ತೆ?"

ಅಂದೇ ಸಾಯಂಕಾಲ ಪಕ್ಕದ ಮನೆಯ ಬಾವಿಯ ನೀರನ್ನು ಬಿಂದಿಗೆಯಲ್ಲಿ ತಂದು, ಎತ್ತರದಿಂದ ಸುರಿದು ಸುರಿದು ತುಂಬಿದೆ. ಎರಡು ಉಳಿದವು. ಆಮೇಲೆ ಅವರು ರಜಾದಿನಗಳಲ್ಲಿ ಯಾರದಾದರೂ ಕೊಳ ನೋಡಲು ಹೊರಟರೆ ನಾನೂ ಜೊತೆಗೆ ಹೋಗತೊಡಗಿದೆ. ಅರಕಲಗೂಡಿನ ಒಂದು ಕಲ್ಯಾಣಮಂಟಪ, ಚನ್ನರಾಯಪಟ್ಟಣದ ಒಬ್ಬ ಅಡಿಕೆ ಮಂಡಿಯವರ ಮನೆ, ಹೀಗೆ. ತೊಂಬತ್ತರ ದಶಕದ ಕೊನೆಗೆ ಸ್ವಲ್ಪ ಅನುಕೂಲವಿದ್ದವರೆಲ್ಲ ಬಣ್ಣದ ಮೀನು ಸಾಕಲು ಹಿಡಿದಿದ್ದರು. ಸಾಕುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ.

ಅವರ ಪದ್ಧತಿ ಒಂದೇ. ಹೋದ ಮನೆಯಲ್ಲಿ ಮೊದಲು ಕಾಫಿ ಕೇಳುವರು. ಲೋಟ ಹಿಡಿದು ಕೊಳದ ಕಟ್ಟೆಯ ಮೇಲೆ ಕೂತು, ಮಾತಿಲ್ಲದೆ ನೋಡುವರು. ಕಾಫಿ ಮುಗಿಯುವವರೆಗೆ ನೀರಿಗೆ ಬೆರಳು ತಾಗಿಸುವಂತಿಲ್ಲ. ರೆಕ್ಕೆ ಮುದುರಿಕೊಂಡಿದೆಯೇ, ಕಲ್ಲಿಗೆ ಮೈ ಉಜ್ಜುತ್ತಿದೆಯೇ, ಗುಂಪು ಬಿಟ್ಟು ಒಂದೇ ನಿಂತಿದೆಯೇ, ಹುರುಪೆಗಳು ಅನಾನಸ್ ಸಿಪ್ಪೆಯ ಹಾಗೆ ಎದ್ದಿವೆಯೇ. ಅರಕಲಗೂಡಿನ ಕಲ್ಯಾಣಮಂಟಪದ ಅಡಿಗೆಯವನು ನನ್ನ ಕಿವಿಯಲ್ಲಿ, "ಆಯಮ್ಮ ಮೀನ್ ನೋಡಕ್ ಬತ್ತದೋ ಕಾಫಿ ಕುಡಿಯಕ್ ಬತ್ತದೋ ಸಾ?" ಎಂದು ಕೇಳಿದ್ದ. ಅವರಿಗೆ ಕೇಳಿಸಿತು. "ಎರಡಕ್ಕೂ ಕಣಪ್ಪ. ನಿನ್ನ ಕಾಫಿಗಿಂತ ಮೀನೇ ವಾಸಿ, ಅದಕ್ಕೆ ಔಷಧಿ ಇದೆ" ಎಂದರು.

ಇನ್ನೊಂದು ಪದ್ಧತಿ ಅವರದಲ್ಲ, ಅವರ ಮನೆಯದು. ಮೀನು ಮುಟ್ಟಿದ ಮೇಲೆ ಸ್ನಾನವಾಗದೆ ಒಳಗೆ ಬರುವಂತಿಲ್ಲ. ಮುಸ್ಸಂಜೆಗೆ ದೇವರ ದೀಪ ಹಚ್ಚುವುದು ಸೊಸೆಯ ಕೆಲಸ. ಹಾಗಾಗಿ ಎಲ್ಲಿಗೆ ಹೋದರೂ ದೀಪದ ಹೊತ್ತಿಗೆ ಮುಂಚೆ ಮನೆ ಸೇರಿ ತಲೆಗೆ ನೀರು ಹಾಕಿಕೊಂಡಿರಬೇಕು. ಅವರನ್ನು ಬಿಡಲು ಹೋದಾಗ ಅತ್ತೆ ಸೊಸೆಯರ ಮಾತು ನನ್ನ ಕಿವಿಗೆ ಬಿದ್ದಿತ್ತು.

"ಮೀನು ಮುಟ್ಟಿ ಬಂದ್ಯೇನೇ?"

"ಇಲ್ಲಮ್ಮ, ಅದೇ ನನ್ನ ಮುಟ್ಟಿತು."

"ಯಾರು ಯಾರನ್ನ ಮುಟ್ಟಿದ್ರೂ ಸ್ನಾನ ಸ್ನಾನವೇ. ಹಿತ್ಲಿಂದ ಬಾ."

ಅತ್ತೆಯ ಮೇಲೆ ಅವರಿಗೆ ಕೋಪವಿರಲಿಲ್ಲ. ಹಿತ್ತಲಲ್ಲಿ ಮೇಡಂ ತಮ್ಮದೇ ಒಂದು ಕೊಳ ತೋಡಿಸಿಕೊಳ್ಳಲು ಜಾಗ ಬಿಟ್ಟುಕೊಟ್ಟವರು ಆ ಅತ್ತೆಯೇ. ಮೇಡಂ ಹೋದ ಕಡೆಯೆಲ್ಲ ಹಗಲಿನಲ್ಲೇ ಹೋಗುತ್ತಿದ್ದರು ಎಂಬುದನ್ನು ತಿಳಿಸಲು ಇದನ್ನು ಬರೆದೆ. ಅದು ಯಾಕೆ ಮುಖ್ಯವೆಂದು ಆಗ ನಮಗೆ ತಿಳಿದಿರಲಿಲ್ಲ.

ಹಿರೀಸಾವೆಯಲ್ಲಿ ಹೆದ್ದಾರಿಯ ಪಕ್ಕ ಒಂದು ಸಸ್ಯಾಹಾರಿ ಹೋಟೆಲಿತ್ತು. ಯಜಮಾನರು ಹಣೆತುಂಬ ವಿಭೂತಿ ಇಡುವ, ದೊಡ್ಡ ದನಿಯ, ದೊಡ್ಡ ಮನಸ್ಸಿನ ಮನುಷ್ಯ. ಬಸ್ಸಿನವರು ನಿಲ್ಲಿಸಲಿ ಎಂದು ಹೋಟೆಲಿನ ಮುಂದೆ ಮೊಣಕಾಲುದ್ದದ ಕೊಳ, ನಡುವೆ ಕಲ್ಲಿನ ಕಾರಂಜಿ, ನೀರೊಳಗೆ ಕೆಂಪು ಹಸಿರು ದೀಪ ಮಾಡಿಸಿದ್ದರು. ಕೋಯಿಗಳನ್ನು ಬೆಂಗಳೂರಿನಿಂದ ತರಿಸಿದ್ದರು. ಮೀನುಗಳಿಗೆ ಅವರು ಉಳಿದ ಇಡ್ಲಿ, ಪುಳಿಯೋಗರೆ ಎಲ್ಲವನ್ನೂ ಹಾಕುವರು. ಎಲ್ಲಕ್ಕಿಂತ ಪ್ರೀತಿ ಅವಕ್ಕೆ ಕಡ್ಲೇಪುರಿ. ಹಿಡಿ ಪುರಿ ಎರಚಿದರೆ ಸಾಕು, ನೀರು ಕೊತಕೊತ ಕುದಿದಂತೆ ಮುಗಿಬೀಳುತ್ತಿದ್ದವು.

ಮೊದಲ ಸಲ ನಾವು ಹೋದಾಗ ಕೆಲವು ಮೀನುಗಳ ಹೊಟ್ಟೆಯ ಬಳಿ ಕೆಂಪು ಗೀರುಗಳಿದ್ದವು. ಮೇಡಂ ಕಾಫಿ ಕುಡಿದು, ನೋಡಿ, ನೀರು ಕೆಟ್ಟಿದೆ ಎಂದು ಅರ್ಧ ನೀರು ಬದಲಿಸಿ ಹರಳುಪ್ಪು ಹಾಕಿಸಿದರು. ಮೀನಿಗೆ ಉಪ್ಪಿನ ನೀರು ನಮಗೆ ಗಂಜಿಯಿದ್ದಂತೆ, ಸುಸ್ತು ಕಳೆಯುತ್ತದೆ ಎಂದರು. ಮುಂದಿನ ತಿಂಗಳು ಹೋದಾಗ ಎರಡು ಮೀನುಗಳ ಬೆನ್ನು ಬಿಲ್ಲಿನಂತೆ ಬಾಗಿತ್ತು. ಈಜುವಾಗ ಒಂದು ಕಡೆಗೇ ಸುತ್ತುತ್ತಿದ್ದವು. ಅವರು ಎರಡನೇ ಕಾಫಿ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಎಳೇ ಮೂಳೆಗೆ ಸತ್ವ ಸಾಲದೆ ಹೀಗಾಗತ್ತೆ. ಇಡ್ಲಿ, ಅನ್ನ ನಿಲ್ಲಿಸಿಬಿಡಿ" ಎಂದರು.

"ಅಮ್ಮಾ, ನಮ್ ಓಟ್ಲ್ ಇಡ್ಲಿ ತಿಂದು ಯಾರ್ ಬೆನ್ನೂ ಬಗ್ಗಿಲ್ಲ ಕಣಮ್ಮ, ಬಿಲ್ ನೋಡಿ ಬಗ್ಗಿರಬೌದು!" ಎಂದು ಯಜಮಾನರು ನಕ್ಕರು. ಆದರೆ ಹೇಳಿದಂತೆ ನಡೆದುಕೊಂಡರು. ಇಡ್ಲಿ ನಿಂತಿತು. ಇನ್ನಷ್ಟು ಉಪ್ಪು ಬಿತ್ತು. ಬೆನ್ನು ಬಾಗುವುದು ನಿಲ್ಲಲಿಲ್ಲ. ಹೋದಾಗಲೆಲ್ಲ ಮೀನುಗಳು ಲವಲವಿಕೆಯಿಂದ ಪುರಿಗೆ ಬರುತ್ತಿದ್ದವು. ನೀರು ಚೆನ್ನಾಗಿತ್ತು, ಹುಳುವಿರಲಿಲ್ಲ, ಹುಣ್ಣಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಮೇಡಂ ಕಿಟಕಿಯಾಚೆ ನೋಡುತ್ತ, "ಏನೋ ತಪ್ಪುತ್ತಿದೆ. ನಾನಿದ್ದಾಗ ಅವು ಚೆನ್ನಾಗಿರ್ತವೆ. ನಾನಿಲ್ದಾಗ ಏನಾಗತ್ತೆ?" ಎಂದರು. ಆ ಮಾತಿನಲ್ಲೇ ಉತ್ತರವಿತ್ತು. ನೀರೊಳಗಿನ ದೀಪ ಹೊತ್ತುತ್ತಿದ್ದದ್ದು ಕತ್ತಲಾದ ಮೇಲೆ. ಆ ಹೊತ್ತಿಗೆ ಮೇಡಂ ಹಾಸನದ ಮನೆಯಲ್ಲಿ ಸ್ನಾನ ಮಾಡಿ ಇನ್ನೊಂದು ದೀಪ ಹಚ್ಚುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ಯಜಮಾನರು ನಮ್ಮಿಬ್ಬರನ್ನೂ ಕರೆದಿದ್ದರು. ಹೋಟೆಲಿನ ಯಂತ್ರಗಳೆಲ್ಲ ಮಿಂದು ನಿಂತಿದ್ದವು. ಗ್ರೈಂಡರು, ಬಾಯ್ಲರು, ಕಾರಂಜಿಯ ಮೋಟಾರು, ಎಲ್ಲವನ್ನೂ ಪೈಪು ಹಿಡಿದು ತೊಳೆದು, ಮೂರು ಪಟ್ಟೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದ್ದರು. ಕೊಳದ ನಾಲ್ಕು ಮೂಲೆಗೂ ಬಾಳೆಕಂದು. ಮಂಗಳಾರತಿಯ ಹೊತ್ತಿಗೆ ಯಾವ ಆಯುಧವೂ ಸುಮ್ಮನೆ ನಿಂತಿರಬಾರದು ಎಂಬುದು ಅವರ ಮನೆಯ ನಡವಳಿಕೆ. ಹಾಗಾಗಿ ಹಗಲು ಹೊತ್ತಿನಲ್ಲೇ ಎಲ್ಲವೂ ಚಾಲೂ ಆಗಿದ್ದವು. ರುಬ್ಬಲು ಅಕ್ಕಿಯಿಲ್ಲದೆ ಗ್ರೈಂಡರು ಗರಗರ ತಿರುಗುತ್ತಿತ್ತು. ಕಾರಂಜಿ ಚಿಮ್ಮುತ್ತಿತ್ತು. ನೀರೊಳಗೆ ದೀಪ ಉರಿಯುತ್ತಿದ್ದುದು ಬಿಸಿಲಿನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

ಮೇಡಂ ಅಂದೂ ಕಾಫಿ ಲೋಟ ಹಿಡಿದು ಕಟ್ಟೆಯ ಮೇಲೆ ಕೂತರು. ಹಬ್ಬವೆಂದು ರೇಷ್ಮೆ ಸೀರೆಯುಟ್ಟಿದ್ದರು. ಯಜಮಾನರ ತಾಯಿ ಬುಟ್ಟಿಯಿಂದ ಪುರಿ ತೆಗೆದು ಕೊಳಕ್ಕೆ ಎರಚಿದರು. ಪುರಿ ನೀರಿನ ಮೇಲೆ ಬೆಳ್ಳಗೆ ಹರಡಿಕೊಂಡಿತು. ಒಂದು ಮೀನೂ ಬರಲಿಲ್ಲ. ಎಲ್ಲವೂ ಕಾರಂಜಿಯಿಂದ ದೂರದ ಒಂದು ಮೂಲೆಯಲ್ಲಿ, ಒಂದರ ಮೈಗೆ ಒಂದು ಒತ್ತಿಕೊಂಡು, ಗೋಡೆಗೆ ಮುಖ ಮಾಡಿ ನಿಂತಿದ್ದವು.

"ಅಬ್ಬದ್ ದಿನ ಉಪಾಸ ಇಡ್ದವೆ!" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಯಜಮಾನರು ಶಲ್ಯವನ್ನು ಸೊಂಟಕ್ಕೆ ಬಿಗಿದು, ಪಂಚೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಆರತಿ ತಟ್ಟೆ, ಇನ್ನೊಂದರಲ್ಲಿ ಹಾರ ಹಿಡಿದು ಕೊಳದ ಅಂಚಿಗೆ ಬಂದರು. ನಡುವಿನ ಕಾರಂಜಿಗೆ ಹಾರ ಹಾಕಬೇಕಿತ್ತು.

"ಇಳೀಬೇಡಿ!" ಎಂದರು ಮೇಡಂ.

"ಏನಾಗಕಿಲ್ಲ ಬುಡಿ ಅಮ್ಮಾ, ಮೊಣಕಾಲ್ ನೀರು."

"ಇಳೀಬೇಡಿ ಅಂದೆ!"

ಅವರು ಕಾಲೆತ್ತಿದರು. ಆ ಕಾಲು ನನಗೆ ಈಗಲೂ ಕಾಣುತ್ತದೆ. ಹಿಮ್ಮಡಿಯಲ್ಲಿ ಒಡಕು, ಕಿರುಬೆರಳಿಗೆ ಅರಿಸಿನ ಮೆತ್ತಿದೆ, ಹೆಬ್ಬೆರಳು ನೀರಿನ ಕಡೆ ಇಳಿಯುತ್ತಿದೆ. ಕಾಫಿ ಲೋಟ ಕಲ್ಲಿನ ಮೇಲೆ ಠಣ್ಣೆಂದಿತು. ಮೇಡಂ ಎರಡೂ ಕೈಯಿಂದ ಅವರ ಸೊಂಟದ ಶಲ್ಯ ಹಿಡಿದು ಹಿಂದಕ್ಕೆ ಎಳೆದರು. ಆ ಭಾರಿ ಮನುಷ್ಯ ಅಂಗಾತ ಬಿದ್ದರು. ಆರತಿ ತಟ್ಟೆ ಉರುಳಿತು. ಉರಿಯುವ ಕರ್ಪೂರ ಕುಂಕುಮದಲ್ಲಿ ಬಿತ್ತು.

"ಅಯ್ಯೋ, ಆರತಿ ತಟ್ಟೆ ಬೀಳಿಸ್ಬುಟ್ಲಲ್ಲಪ್ಪಾ! ವರ್ಷದ್ ಅಬ್ಬದಲ್ಲಿ!" ಎಂದು ತಾಯಿ ಎದೆ ಬಡಿದುಕೊಂಡರು.

"ಮೇನ್ ಆಫ್ ಮಾಡಿ! ಯಾರಾದ್ರೂ ಮೇನ್ ಆಫ್ ಮಾಡ್ರೀ!" ಎಂದು ಮೇಡಂ ಕೂಗುತ್ತಿದ್ದರು.

ಪೂಜೆಯ ನಡುವೆ ಮೋಟಾರು ನಿಲ್ಲಿಸುವುದು ಅಪಶಕುನ. ಯಾರೂ ಅಲುಗಲಿಲ್ಲ. ನಾನು ಗಲ್ಲಾಪೆಟ್ಟಿಗೆಯ ಹಿಂದಿನ ಬೋರ್ಡಿಗೆ ಓಡಿದೆ. ಅಲ್ಲಿ ಎರಡು ಹಿಡಿಗಳಿದ್ದವು. ಯಾವುದು ಯಾವುದಕ್ಕೋ ತಿಳಿಯದೆ ಒಂದನ್ನು ಕೆಳಗೆಳೆದೆ. ಗ್ರೈಂಡರು ನಿಂತಿತು. ಹೊರಗೆ ಕಾರಂಜಿಯ ಸದ್ದೂ ನಿಂತಿತು. ಆದರೆ ದೀಪ? ದೀಪ ಎರಡನೇ ಹಿಡಿಯಲ್ಲಿದ್ದರೆ? ಅದನ್ನೂ ಎಳೆಯಬೇಕೆಂದು ಹೊಳೆದದ್ದು ಬಾಗಿಲಿಗೆ ಬಂದ ಮೇಲೆ. "ಎರಡಿವೆ ಮೇಡಂ!" ಎಂದು ಕೂಗಿದೆ.

ಅಷ್ಟರಲ್ಲಿ ಮೇಡಂ ಬಳೆ ಮೇಲೆ ಸರಿಸಿ ಮೊಣಕೈವರೆಗೆ ಕೈಯನ್ನು ನೀರಿನಲ್ಲಿ ಮುಳುಗಿಸಿದ್ದರು. ಮೀನುಗಳು ಪುರಿಗೆ ಮುಗಿಬಿದ್ದಿದ್ದವು.

ಇಲ್ಲಿಯೇ ನಾನು ಸಿಕ್ಕಿಕೊಂಡಿರುವುದು. ಮೀನು ಮೊದಲು ಬಂದವೋ, ಅವರ ಕೈ ಮೊದಲು ಹೋಯಿತೋ? ಮೀನು ಮೊದಲು ಬಂದಿದ್ದರೆ ಅದು ಅವರ ವಿದ್ಯೆ. ನೀರು ಸರಿಹೋಯಿತೆಂದು ತಿಳಿದೇ ಕೈ ಹಾಕಿದರು. ಕೈ ಮೊದಲು ಹೋಗಿದ್ದರೆ ಅದೇನು? ಕರೆಂಟಿದೆಯೋ ಇಲ್ಲವೋ ಎಂದು ತಮ್ಮ ಮೈಯಲ್ಲೇ ನೋಡಿಕೊಂಡದ್ದೇ? ಅಲ್ಲಿದ್ದವರನ್ನೆಲ್ಲ ಕೇಳಿದೆ. ಎಲ್ಲರೂ ಬಿದ್ದ ಯಜಮಾನರನ್ನು ನೋಡುತ್ತಿದ್ದರಂತೆ.

ಮಧ್ಯಾಹ್ನ ಚನ್ನರಾಯಪಟ್ಟಣದಿಂದ ಎಲೆಕ್ಟ್ರಿಷಿಯನ್ ಬಂದ. ಎಲ್ಲರನ್ನೂ ದೂರ ನಿಲ್ಲಿಸಿ, ಕರೆಂಟು ಕೊಟ್ಟು, ಕಾರಂಜಿಯ ಹತ್ತಿರ ನೀರಿಗೆ ಟೆಸ್ಟರು ತಾಗಿಸಿದ. ಅದರ ಪುಟ್ಟ ದೀಪ ಹೊತ್ತಿಕೊಂಡಿತು. "ಕಾಲ್ ಮಡಗಿದ್ರೆ ಎದ್ದು ಬತ್ತಿರ್ಲಿಲ್ಲ ಸಾ" ಎಂದ. ಯಜಮಾನರು ತಾವೇ ಹೋಗಿ ಮೇನ್ ಆಫ್ ಮಾಡಿ ಬಂದರು. ತಾಯಿ ಮೇಡಂ ಕಾಲಿಗೆ ಬೀಳಲು ಹೋದರು. ಮೇಡಂ ಅವರನ್ನು ಹಿಡಿದು ನಿಲ್ಲಿಸುತ್ತಿದ್ದಾಗ ಎಲೆಕ್ಟ್ರಿಷಿಯನ್ ನೀರೊಳಗಿನ ದೀಪ ಬಿಚ್ಚಿ ತಂದ. ವೈರು ಸೇರುವ ಕಡೆ ಹಸಿರು ಕಿಲುಬು ಗಂಟುಕಟ್ಟಿತ್ತು.

"ಉಪ್ಪು ತಿಂದೈತೆ ಸಾ ಇದ್ನ. ನೋಡಿ ಎಂಗಾಗೈತೆ. ನೀರ್ಗೆ ಉಪ್ಪ್ಯಾರ್ ಆಕುದ್ರು?"

ಯಜಮಾನರೇ, "ಏಯ್, ಸುಮ್ಕಿರ್ಲಾ. ಆಯಮ್ಮ ಇಲ್ದಿದ್ರೆ ನನ್ ತಿಥಿ ಊಟ ಮಾಡ್ತಿದ್ದೆ ನೀನು" ಎಂದು ಗದರಿದರು. ಮೇಡಂ ಆ ದೀಪವನ್ನು ಕೈಗೆ ತೆಗೆದುಕೊಂಡು ಕಿಲುಬನ್ನು ಉಗುರಿನಿಂದ ಕೆರೆದು ನೋಡಿದರು. ಮೀನಿನ ಮೈಯಿಂದ ಕಿತ್ತ ಹುಳುವನ್ನು ನೋಡುವ ಹಾಗೆ ನೋಡಿದರು. ಬಸ್ಸಿನಲ್ಲಿ ಅವರ ರೇಷ್ಮೆ ಸೀರೆಯ ಸೆರಗು ಹಾಸನದವರೆಗೂ ಒದ್ದೆಯಾಗಿಯೇ ಇತ್ತು.

ಆಮೇಲೆ ನಾನು ಸಿಕ್ಕಿದವರನ್ನೆಲ್ಲ ಕೇಳಿದೆ. ನಮ್ಮ ಭೌತಶಾಸ್ತ್ರದ ಮೇಷ್ಟರು, ಉಪ್ಪು ವೈರಿನ ಕೀಲನ್ನು ತಿನ್ನುವುದು ನಿಜ, ಆದರೆ ಉಪ್ಪಿನ ನೀರಿನಲ್ಲಿ ಮನುಷ್ಯನಿಗೆ ಬಡಿಯುವ ಪೆಟ್ಟು ಕಡಿಮೆಯೂ ಆಗಬಹುದು ಎಂದು ಹಲಗೆಯ ಮೇಲೆ ಬರೆದು ತೋರಿಸಿದರು. ಇನ್ನೊಬ್ಬರು, ಪೈಪಿನಲ್ಲಿ ತೊಳೆದದ್ದೇ ತಪ್ಪು ಎಂದರು. ಮತ್ತೊಬ್ಬರು, ಫ್ಯೂಸಿಗೆ ದಪ್ಪ ತಂತಿ ಕಟ್ಟಿದ್ದರೆ ಹಾಗೇ ಆಗುವುದು ಎಂದರು. ಕಟ್ಟಿದ್ದದ್ದು ದಪ್ಪ ತಂತಿಯೇ. ಕರೆಂಟು ಬಡಿದರೆ ಮೀನಿನ ಬೆನ್ನು ಬಾಗುತ್ತದಂತೆ, ಬಾಗಿದ್ದನ್ನು ನಾವು ಕಂಡದ್ದು ಉಪ್ಪು ಹಾಕಿದ ಮೇಲೆ. ಕೆಂಪು ಗೀರು ಮೊದಲೇ ಇತ್ತಲ್ಲ, ಅದೂ ಕರೆಂಟಿನದೇ? ಕೇಳಿದಷ್ಟೂ ನನ್ನ ತಲೆ ಕೆಟ್ಟಿತು.

ಒಂದು ದಿನ ಧೈರ್ಯ ಮಾಡಿ ಮೇಡಂ ಅವರನ್ನೇ ಕೇಳಿದೆ. ಪರೀಕ್ಷೆಯ ಪೇಪರು ತಿದ್ದುತ್ತಿದ್ದವರು ಪೆನ್ನು ಕೆಳಗಿಟ್ಟರು.

"ಉಪ್ಪೋ ನೀರೋ ತಂತಿಯೋ ನಂಗೊತ್ತಿಲ್ಲ. ಒಂದು ಸಂಜೆ ಅಲ್ಲಿ ನಿಲ್ಲಬೇಕಿತ್ತು. ಒಂದೇ ಒಂದು ಸಂಜೆ. ಮೀನು ಹೇಳ್ತಾನೇ ಇತ್ತು ನೋಡಿ, ನಾನು ದೀಪ ಹಚ್ಚೋಕೆ ಎದ್ದು ಬರ್ತಿದ್ದೆ."

"ಅವರನ್ನ ಉಳಿಸಿದ್ದು ನೀವಲ್ವಾ ಮೇಡಂ?"

"ಹೌದಾ?" ಎಂದರು. ನಿಜವಾಗಿ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದರು. ಮತ್ತೆ ಪೆನ್ನು ತೆಗೆದುಕೊಂಡರು.

ಕೊಳ ನೋಡಲು ಹೋಗುವುದನ್ನು ಅವರು ಬಿಡಲಿಲ್ಲ. ಆದರೆ ಕಾಫಿ ಕೇಳುವ ಮೊದಲು ಬೋರ್ಡು ಎಲ್ಲಿದೆ ಎಂದು ಕೇಳತೊಡಗಿದರು. ಉಪ್ಪು ಹಾಕಿಸಬೇಕಾದರೆ ಮೀನನ್ನು ಬೇರೆ ತೊಟ್ಟಿಗೆ ಹಾಕಿಸುತ್ತಿದ್ದರು. ಅತ್ತೆಗೆ ಅದೇನು ಹೇಳಿ ಒಪ್ಪಿಸಿದರೋ, ಕೆಲವು ಸಂಜೆ ದೀಪವನ್ನು ಅವರ ಮಗಳು ಹಚ್ಚುತ್ತಿದ್ದಳು. ಹಿರೀಸಾವೆಯ ಯಜಮಾನರು ಪ್ರತಿ ಆಯುಧಪೂಜೆಗೆ ಒಂದು ಚೀಲ ಕಡ್ಲೇಪುರಿ ಕಳಿಸುತ್ತಿದ್ದರು. ಮೇಡಂ ಅದನ್ನು ಸ್ಟಾಫ್ ರೂಮಿನಲ್ಲಿ ಹಂಚುತ್ತಿದ್ದರು. ಅವರು ಒಂದು ಕಾಳೂ ಬಾಯಿಗೆ ಹಾಕಿಕೊಂಡದ್ದನ್ನು ನಾನು ನೋಡಲಿಲ್ಲ.

ನಿವೃತ್ತಿಯಾದ ಕೆಲವು ವರ್ಷಕ್ಕೆ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಹೋಗಲಾಗದೆ, ಒಂದು ವಾರ ಬಿಟ್ಟು ಮನೆಗೆ ಹೋದೆ. ಅರಕಲಗೂಡಿನ ಶಾಲೆಯೊಂದರಲ್ಲಿ ಪಾಠ ಮಾಡುವ ಮಗಳು ಮನೆಯಲ್ಲಿದ್ದರು. "ಅಮ್ಮನ ಮೀನು ನೋಡ್ತೀರಾ ಸರ್?" ಎಂದು ಹಿತ್ತಲಿಗೆ ಕರೆದುಕೊಂಡು ಹೋದರು. ಕೊಳದ ಪಕ್ಕದಲ್ಲಿ ಸಣ್ಣ ಪಂಪು ಗುಂಯ್‌ಗುಡುತ್ತಿತ್ತು. ಹಿರೀಸಾವೆಯಿಂದ ಬಂದ ಪುರಿಯ ಚೀಲ ಗೋಡೆಗೆ ಒರಗಿತ್ತು. ಮಗಳು ಒಂದು ಹಿಡಿ ಎರಚಿದರು. ಮೀನುಗಳು ದೂರದಲ್ಲೇ ಸುಳಿದಾಡಿದವು, ಬರಲಿಲ್ಲ. "ಯಾಕೋ ಸಪ್ಪಗಿವೆ" ಎನ್ನುತ್ತ ಮಗಳು ಬಗ್ಗಿ ನೀರಿಗೆ ಕೈ ಚಾಚಿದರು.

ನಾನು ಅವರ ರಟ್ಟೆ ಹಿಡಿದು ಎಳೆದುಬಿಟ್ಟಿದ್ದೆ. ಎಳೆದ ಮೇಲೇ ನನಗೆ ತಿಳಿದದ್ದು. ಅವರು ತಡವರಿಸಿ ಕಟ್ಟೆ ಹಿಡಿದುಕೊಂಡರು. ನಾಚಿಕೆಯಿಂದ, "ಕ್ಷಮಿಸಿಬಿಡಮ್ಮ, ಪಂಪು..." ಎಂದೆ.

ಅವರು ಹೋಗಿ ಪಂಪಿನ ಪ್ಲಗ್ಗು ಕಿತ್ತು ಬಂದರು.

"ಅಮ್ಮನೂ ಹಿಂಗೇ ಎಳೀತಿದ್ರು ಸರ್, ರಟ್ಟೆ ಕಿತ್ತು ಬರೋ ಹಂಗೆ. ಪ್ಲಗ್ ತೆಗೆದಿದೀನಿ ಅಂದ್ರೂ ಬಿಡ್ತಿರಲಿಲ್ಲ. ನಮ್ಮನ್ನೆಲ್ಲ ಹಿಂದೆ ನಿಲ್ಲಿಸಿ, ಮೊದಲು ತಾವೇ ಕೈ ಹಾಕೋರು."

"ಮೀನು ಬಂದ ಮೇಲೋ, ಬರೋ ಮುಂಚೇನೋ?" ಎಂದು ಕೇಳಿದೆ.

"ಅದು ನೋಡಿಲ್ಲ ಸರ್. ಅಷ್ಟು ಹೊತ್ತು ನಾನು ಕಣ್ಣು ಮುಚ್ಕೊಂಡ್ಬಿಡ್ತಿದ್ದೆ" ಎಂದರು.

ಆಮೇಲೆ ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಲೋಟ ಹಿಡಿದು ನಾನು ಮೇಡಂ ಕೂರುತ್ತಿದ್ದ ಜಾಗದಲ್ಲಿ ಕೂತೆ. ನೀರಿನ ಮೇಲೆ ಪುರಿ ನಿಧಾನವಾಗಿ ನೆನೆಯುತ್ತಿತ್ತು. ಮೀನುಗಳು ಇನ್ನೂ ಬಂದಿರಲಿಲ್ಲ. ಮಗಳು ಮತ್ತೆ ಕಟ್ಟೆಯ ಕಡೆ ಬಗ್ಗುತ್ತಿದ್ದಂತೆ, ಅವರಿಗಿಂತ ಮೊದಲು ನಾನು ನೀರಿಗೆ ಕೈ ಇಳಿಸಿದೆ.